ಹವಳ ಇಲ್ಲದ ಹವಳದ ತೊಟ್ಟಿ: ಒಂದು ಖರ್ಚಿನ ಲೆಕ್ಕ

ಕಳೆದ ಸಲ ಅಂಗಳದಲ್ಲಿ ಕಾಯಿ ಸುಲಿಯುವ ಫೋಟೋ ಹಾಕಿದ್ದೆ. ಅದರ ಹಿಂದೆ ಚಾವಡಿಯ ಗಾಜಿನ ತೊಟ್ಟಿಯೂ ಬಿದ್ದಿತ್ತು. ಕಾಯಿ ಬಗ್ಗೆ ಕೇಳಿದವರು ಮೂರು ಜನ, ತೊಟ್ಟಿ ಬಗ್ಗೆ ಕೇಳಿದವರು ಮೂವತ್ತು ಜನ! "ಅದು ಉಪ್ಪು ನೀರಿನದ್ದಾ?", "ತಿಂಗಳಿಗೆ ಎಷ್ಟು ಬೀಳ್ತದೆ ಮಾರಾಯ್ರೆ?", "ತೋಟದ ದುಡ್ಡಲ್ಲಿ ಇದೆಲ್ಲ ಹೇಗೆ ಸಾಧ್ಯ?" ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಒಟ್ಟಿಗೆ ಬರೀತೇನೆ. ಉದ್ದ ಆಗ್ತದೆ, ಕಾಯಿ ಒಣಗಿಸಲು ಹಾಕಿ ಕೂತಾಗ ಓದಿ.

ಮೊದಲೇ ಹೇಳಿಬಿಡ್ತೇನೆ, ಕಡಿಮೆ ಬೆಲೆಯ ಸಾಮಾನು ಹುಡುಕುವುದರಿಂದ ಇದರಲ್ಲಿ ದುಡ್ಡು ಉಳಿಯುವುದಿಲ್ಲ. ಮಣ್ಣು ನೋಡಿ ಬೆಳೆ ಹಾಕುವ ಹಾಗೆ, ನಮ್ಮ ನೀರು, ನಮ್ಮ ಸೆಕೆ, ನಮ್ಮ ಕರೆಂಟು ನೋಡಿ ಜೀವ ತಂದರೆ ಮಾತ್ರ ಉಳಿಯುವುದು. ಮಟ್ಟುಗುಳ್ಳ ಮಟ್ಟುವಿನ ಗದ್ದೆಯಲ್ಲಿ ಬಂದ ಹಾಗೆ ಬೇರೆ ಕಡೆ ಬರುವುದಿಲ್ಲ ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಗಾಜಿನ ತೊಟ್ಟಿಯ ವಿಷಯದಲ್ಲಿ ಮಾತ್ರ ಆ ಬುದ್ಧಿ ಬದಿಗಿಟ್ಟು ಮೊಬೈಲಿನಲ್ಲಿ ಕಂಡದ್ದನ್ನೇ ತರ್ಲಿಕ್ಕೆ ಹೊರಡ್ತೇವೆ.

ಮೊಬೈಲಿನಲ್ಲಿ ಕಾಣುವುದು ಹವಳ. ನೀಲಿ ಲೈಟಿನಡಿ ಹಸಿರು, ನೇರಳೆ, ಕೇಸರಿ ಹೊಳೆಯುವ ಜೀವ. ಹೌದು, ಅದು ಜೀವ, ಕಲ್ಲಲ್ಲ, ಗಿಡವೂ ಅಲ್ಲ. ಅದರ ಮೈಯೊಳಗೆ ಸಣ್ಣ ಪಾಚಿ ಇರ್ತದೆ. ಆ ಪಾಚಿ ಬಿಸಿಲಿನಲ್ಲಿ ಮಾಡಿದ ಅಡುಗೆಯಲ್ಲೇ ಹವಳದ ಹೊಟ್ಟೆ ಹೆಚ್ಚಾಗಿ ತುಂಬುವುದು. ಹಾಗಾಗಿ ಲೈಟು ಜೋರು ಬೇಕು. ಜೋರು ಲೈಟು ಹಾಕಿದರೆ ನೀರು ಬಿಸಿ ಆಗ್ತದೆ. ನೀರು ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗ್ತದೆ, ಹಾಗೇ ಉಳಿದರೆ ಸಾಯ್ತದೆ. ಸಮುದ್ರದಲ್ಲೂ ಕತೆ ಇದೇ. ಬೇಸಿಗೆಯ ಮಾಮೂಲಿ ಸೆಕೆಗಿಂತ ಒಂದು ಡಿಗ್ರಿ ಹೆಚ್ಚು ಕೆಲವು ವಾರ ನಿಂತರೆ ಸಾಕು. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹಾಗೆ ಆಯ್ತು, 2024ರಲ್ಲಿ ಮತ್ತೆ ಆಯ್ತು. ಇಡೀ ಅರಬ್ಬೀ ಸಮುದ್ರದ ಮಧ್ಯೆ ತಡೆಯಲಾಗದ ಜೀವ ಎಪ್ರಿಲ್ ಮಧ್ಯಾಹ್ನ ಕಲ್ಯಾಣಪುರದ ಚಾವಡಿಯಲ್ಲಿ, 190 ಲೀಟರ್ ನೀರಿನಲ್ಲಿ ಹೇಗೆ ತಡೆದೀತು? ತಡೆಯಬೇಕಾದರೆ ಚಿಲ್ಲರ್ ಬೇಕು, ಅಂದರೆ ನೀರಿಗೊಂದು ಫ್ರಿಜ್ಜು.

ಈಗ ಯೂನಿಟ್ ಲೆಕ್ಕ ಹಾಕುವ. ಪಂಪ್‌ಸೆಟ್ಟಿಗೆ ಹಾಕುವ ಲೆಕ್ಕವೇ. ಮೂರು ಅಡಿ ಉದ್ದದ ಹವಳದ ತೊಟ್ಟಿಗೆ 150 ವಾಟಿನ ಲೈಟು ದಿನಕ್ಕೆ 9 ಗಂಟೆ ಉರಿದರೆ ತಿಂಗಳಿಗೆ 40 ಯೂನಿಟ್. ಮೋಟಾರು, ನೊರೆ ತೆಗೆಯುವ ಯಂತ್ರ ಸೇರಿ 80 ವಾಟು ಹಗಲು ರಾತ್ರಿ ಓಡಿದರೆ 58 ಯೂನಿಟ್. 250 ವಾಟಿನ ಚಿಲ್ಲರ್ ದಿನಕ್ಕೆ 12 ಗಂಟೆ ಓಡಿದರೆ 90 ಯೂನಿಟ್. ಒಟ್ಟು 188.

ನನ್ನ ತೊಟ್ಟಿಯೂ ಮೂರು ಅಡಿಯದ್ದೇ, ಅಗಲ ಎತ್ತರ ಒಂದೂವರೆ ಅಡಿ. ಎರಡು ಸಣ್ಣ ಮೋಟಾರು ಸೇರಿ 30 ವಾಟು ಇಡೀ ದಿನ: 22 ಯೂನಿಟ್. 30 ವಾಟಿನ ಎಲ್‌ಇಡಿ 8 ಗಂಟೆ: 7 ಯೂನಿಟ್. ಬೇಸಿಗೆಯ ಮೂರು ತಿಂಗಳು ಮಾತ್ರ 15 ವಾಟಿನ ಫ್ಯಾನು 12 ಗಂಟೆ: 5 ಯೂನಿಟ್. ಒಟ್ಟು 34. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಅಲ್ಲಿ 1,316, ಇಲ್ಲಿ 238. ಈ ಅಂತರಕ್ಕೆ ನಾನು ಯಾವ ಉಪಾಯವನ್ನೂ ಮಾಡಿಲ್ಲ. ಹವಳ ತರಲಿಲ್ಲ, ಅಷ್ಟೇ. ಒಂದು ಮಾತು: ಇದು ಮನೆಯ ಮೀಟರಿನಲ್ಲೇ ಓಡಬೇಕು. ತೋಟದ ಪಂಪಿನ ಲೈನಿಂದ ವಯರು ಎಳೆದು "ಉಳಿತಾಯ" ಮಾಡುವ ಯೋಚನೆ ಬೇಡ.

ಹವಳ ಬೇಡ ಅನ್ನಲಿಕ್ಕೆ ಇನ್ನೊಂದು ಕಾರಣ ಕರೆಂಟು ಬಿಲ್ಲಿಗಿಂತ ದೊಡ್ಡದು. ತಂಗಿಯ ಮಗ ಮೊನ್ನೆ ಬಂದಿದ್ದ. ಕೆಲಸ ಬಿಟ್ಟು ಊರಿಗೆ ಬಂದ ಹುಡುಗ, ಕೈಕಾಲು ಸುಮ್ಮನೆ ಇರುವುದಿಲ್ಲ.

"ಮಾವ, ಅಮ್ಮನ ಬಳೆ ಸೊಸೈಟಿಯಲ್ಲಿ ಇಟ್ಟು ಎರಡು ದೊಡ್ಡ ಟ್ಯಾಂಕ್ ಹಾಕುವ ಅಂತ. ಹವಳ ತುಂಡು ಮಾಡಿ ಬೆಳೆಸಿ ಮಾರಿದರೆ ಒಳ್ಳೆ ರೇಟು ಉಂಟಂತೆ."

"ಹವಳ ಎಲ್ಲಿಂದ ತರ್ತಿ?"

"ಒಬ್ಬರು ಕೊಡ್ತಾರೆ. ಪೇಪರು ಗೀಪರು ಎಂತ ಬೇಡ ಅಂದರು."

"ಪೇಪರು ಬೇಡ ಅಂತ ಹೇಳಿ ಗದ್ದೆ ಮಾರಿದರೆ ತಕೊಳ್ತಿಯಾ?"

ಅವನು ಮಾತಾಡಲಿಲ್ಲ. ನಾನು ಕಾನೂನು ವಿವರಿಸಿದೆ, ಇಲ್ಲಿಯೂ ಹೇಳ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿ ಹುಲಿ ಇದೆ. 2001ರಲ್ಲಿ ಅದೇ ಪಟ್ಟಿಗೆ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ಸೇರಿದವು. ಸಮುದ್ರಕುದುರೆ, ಸಮುದ್ರಸೌತೆ ಕೂಡ ಸೇರಿದವು. ಜೀವ ಇದ್ದದ್ದು ಮಾತ್ರ ಅಲ್ಲ, ಸತ್ತು ಬೆಳ್ಳಗಾದ ಹವಳದ ತುಂಡನ್ನು ಶೋಕೇಸಿಗೆ ತಂದಿಟ್ಟರೂ ತೊಂದರೆಯೇ. ನೇತ್ರಾಣಿಗೆ ಪ್ರವಾಸ ಹೋದವರು ನೆನಪಿಗೆ ಅಂತ ಒಂದು ತುಂಡು ಕಿಸೆಗೆ ಹಾಕಿಕೊಂಡು ಬರುವುದು ಬೇಡ. ಬಲೆಯಲ್ಲಿ ಸಮುದ್ರಕುದುರೆ ಬಂದರೆ ಕೂಡಲೇ ನೀರಿಗೆ ಬಿಡಿ. ಬಳೆಯ ಸಾಲವನ್ನಾದರೂ ಹೇಗೋ ತೀರಿಸಬಹುದು, ಈ ಕೇಸು ತಲೆ ಮೇಲೆ ಬಂದರೆ ತೀರಿಸುವುದು ಹೇಗೆ? ತಂಗಿಯ ಬಳೆ ಸದ್ಯ ಅವಳ ಕೈಯಲ್ಲೇ ಉಂಟು. ಅಳಿಯ ಇನ್ನೂ ಪೂರ್ತಿ ಒಪ್ಪಿದ್ದಾನೆ ಅಂತ ಹೇಳಲಾರೆ. ಇದನ್ನು ಬರೆಯುವುದು ಅವನು ಓದಲಿ ಅಂತಲೂ ಹೌದು.

ಹವಳ ಇಲ್ಲದಿದ್ದರೆ ತೊಟ್ಟಿಯಲ್ಲಿ ಎಂತ ಉಂಟು? ಒಂದು ಜೋಡಿ ಕ್ಲೌನ್ ಮೀನು, ಒಂದು ನೀಲಿ ಡ್ಯಾಮ್ಸೆಲ್, ನಾಲ್ಕು ಸನ್ಯಾಸಿ ಏಡಿ, ಗಾಜು ನೆಕ್ಕುವ ಏಳೆಂಟು ಬಸವನಹುಳು, ಬಂಡೆಯ ಮೇಲೆ ತಾನಾಗಿ ಹತ್ತಿದ ಗುಲಾಬಿ ಬಣ್ಣದ ಪದರು, ಮೂಲೆಯಲ್ಲಿ ಹಸಿರು ಕಡಲಪಾಚಿ. ನೋಡಲಿಕ್ಕೆ ಇಷ್ಟೇ ಸಾಕು. ಕ್ಲೌನ್ ಮತ್ತು ಡ್ಯಾಮ್ಸೆಲ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಬಹಳ ಹಿಂದೆಯೇ ರೂಢಿಗೆ ತಂದಿದ್ದಾರೆ. ತೊಟ್ಟಿಯಲ್ಲೇ ಹುಟ್ಟಿದ ಮರಿ ಕೇಳಿ ತಕೊಳ್ಳಿ. ಅದಕ್ಕೆ ಒಣ ಆಹಾರ ತಿನ್ನುವ ಅಭ್ಯಾಸ ಇರ್ತದೆ. ಸಮುದ್ರದಿಂದ ಹಿಡಿದು ತಂದ ಮೀನು ಅಗ್ಗಕ್ಕೆ ಸಿಕ್ಕಿದರೂ ಎಷ್ಟೋ ಸಲ ಆಹಾರ ಮುಟ್ಟದೆ ಸಾಯ್ತದೆ. ಎರಡು ಸಲ ಅಗ್ಗದ ಮೀನು ತಂದರೆ ಒಂದು ಒಳ್ಳೆ ಮೀನಿನ ದುಡ್ಡು ಹೋಯ್ತು.

ಈಗ ನೀರಿನ ವಿಷಯ. ನಮ್ಮೂರಿನವರಿಗೆ ನಿಜವಾದ ಲಾಭ ಇರುವುದು ಇಲ್ಲೇ. ಬೆಂಗಳೂರಿನಲ್ಲಿ ಇದನ್ನು ಮಾಡುವವರು ಪ್ಯಾಕೆಟ್ಟಿನ ಸಮುದ್ರದ ಉಪ್ಪು ತಂದು, ಆರ್‌ಒ ನೀರಿಗೆ ಲೀಟರಿಗೆ 36 ಗ್ರಾಮಿನಷ್ಟು ಕರಗಿಸಬೇಕು. ವಾರಕ್ಕೆ 20 ಲೀಟರ್ ಬದಲಿಸಿದರೆ ತಿಂಗಳಿಗೆ ಸುಮಾರು ಮೂರು ಕೆಜಿ ಉಪ್ಪು. "ಸಾಣಿಕಟ್ಟಾ ಉಪ್ಪು ಹಾಕಿದರೆ ಆಗುದಿಲ್ವಾ?" ಅಂತ ಒಬ್ಬರು ಕೇಳಿದ್ದಾರೆ. ಒಳ್ಳೆ ಪ್ರಶ್ನೆ, ಆದರೆ ಆಗುವುದಿಲ್ಲ. ಉಪ್ಪಿನ ಗದ್ದೆಯಲ್ಲಿ ಹರಳಾಗಿ ಸಿಗುವುದು ಹೆಚ್ಚಾಗಿ ನಾವು ಊಟಕ್ಕೆ ಹಾಕುವ ಉಪ್ಪು, ಮೆಗ್ನೀಶಿಯಂ ಹೆಚ್ಚಾಗಿ ಉಳಿಯುವುದು ಕೊನೆಯ ಕಹಿ ನೀರಿನಲ್ಲಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಮೆಗ್ನೀಶಿಯಂ 1,280 ಮಿಲಿಗ್ರಾಮಿನಷ್ಟು, ಕ್ಯಾಲ್ಸಿಯಂ 410ರಷ್ಟು ಇರ್ತದೆ. ಹರಳುಪ್ಪನ್ನು ತಿರುಗಿ ಕರಗಿಸಿದರೆ ಉಪ್ಪು ನೀರು ಸಿಗ್ತದೆ, ಸಮುದ್ರದ ನೀರು ಸಿಗುವುದಿಲ್ಲ.

ನಮಗೆ ಸಮುದ್ರವೇ ಹತ್ತಿರ ಉಂಟಲ್ಲ. ಆದರೆ ಎಲ್ಲಿಂದ, ಯಾವಾಗ ಅನ್ನುವುದು ಮುಖ್ಯ. ಕೋಡಿ ಬೆಂಗ್ರೆಯ ಅಳಿವೆಯಿಂದ ಬೇಡ, ಅಲ್ಲಿ ಸ್ವರ್ಣಾ, ಸೀತಾ ಎರಡೂ ನದಿಯ ನೀರು ಸೇರ್ತದೆ. ಬಂದರಿನ ಹತ್ತಿರ ಬೇಡ, ಡೀಸೆಲ್ ಎಣ್ಣೆ ಇರ್ತದೆ. ದಂಡೆಯ ತೆರೆ ಒಡೆಯುವಲ್ಲಿ ಮರಳು ಕದಡಿರ್ತದೆ. ಪರಿಚಯದ ದೋಣಿಯವರು ಮೀನಿಗೆ ಹೋಗುವಾಗ ಹೊರಗಿನ ತಿಳಿ ನೀರಿನಲ್ಲಿ ಕ್ಯಾನು ತುಂಬಿಸಿ ಕೊಡ್ತಾರೆ. ನಾನು ಪ್ರತಿಯಾಗಿ ಕಾಯಿ ಕೊಡ್ತೇನೆ. ತಿಂಗಳಿಗೆ 80 ಲೀಟರ್ ಬೇಕು. ಮಳೆಗಾಲದಲ್ಲಿ ನದಿಯ ಕೆಂಪು ನೀರು ಸಮುದ್ರದಲ್ಲಿ ಬಹಳ ದೂರದವರೆಗೆ ಹೋಗ್ತದೆ. ಕಡಲೂ ಬಿರುಸು. ಹಾಗಾಗಿ ಮೇ ಮೊದಲ ವಾರದೊಳಗೆ 200 ಲೀಟರಿನ ಎರಡು ಡ್ರಮ್ಮು ತುಂಬಿಸಿ ಇಟ್ಟರೆ ಜೂನಿಂದ ಸೆಪ್ಟೆಂಬರ್ ತನಕ ಚಿಂತೆ ಇಲ್ಲ. ತಂದ ನೀರನ್ನು ಬಟ್ಟೆಯಲ್ಲಿ ಸೋಸಿ, ಮುಚ್ಚಳ ಹಾಕಿ, ಕತ್ತಲಲ್ಲಿ ಎರಡು ವಾರ ಬಿಡಿ. ಅದರಲ್ಲಿರುವ ಸೂಕ್ಷ್ಮಜೀವಿಗಳು ಸತ್ತು ಅಡಿಗೆ ಕೂರ್ತವೆ. ಮೇಲಿನ ತಿಳಿ ತೆಗೆದು, ಒಂದು ರಾತ್ರಿ ಗಾಳಿ ಗುಳ್ಳೆ ಬಿಟ್ಟು ಬಳಸಿ.

ತೊಟ್ಟಿಯಿಂದ ಆರಿ ಹೋಗುವ ನೀರಿಗೆ ಬದಲಾಗಿ ಉಪ್ಪು ನೀರು ಹಾಕಬಾರದು. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ನನ್ನ ತೊಟ್ಟಿಯಿಂದ ದಿನಕ್ಕೆ ಎರಡು ಲೀಟರ್ ಆರ್ತದೆ. ಐದು ದಿನ ಬಿಟ್ಟರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 37ಕ್ಕೆ ಹೋಗ್ತದೆ. ಹಾಗಾಗಿ ಸಿಹಿ ನೀರು ಹಾಕಬೇಕು, ಅದೂ ಶುದ್ಧ ನೀರು. ನಮ್ಮ ಹೊಳೆ ಬದಿಯ ಬಾವಿಗಳ ಅವಸ್ಥೆ ಎಪ್ರಿಲಿನಲ್ಲಿ ಏನಾಗ್ತದೆ ಅಂತ ನಿಮಗೆ ಗೊತ್ತು. ಆರ್‌ಒ ಯಂತ್ರ ಹಾಕಿದರೆ ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗ್ತದೆ. ಇಷ್ಟು ಮಳೆ ಬರುವ ಜಿಲ್ಲೆಯಲ್ಲಿ ಅದರ ಅಗತ್ಯವೇ ಇಲ್ಲ. ಪತ್ತನಾಜೆ ಕಳೆದು ಮಳೆ ಸರಿಯಾಗಿ ಹಿಡಿದ ಮೇಲೆ, ಮೊದಲ ಎರಡು ಮೂರು ಮಳೆ ಬಿಟ್ಟು, ಹತ್ತಡಿ ಚೌಕದ ತೊಳೆದ ಟಾರ್ಪಾಲು ಅಂಗಳದಲ್ಲಿ ಕಟ್ಟಿ. 50 ಮಿಲಿಮೀಟರ್ ಮಳೆ ಬಿದ್ದರೆ 460 ಲೀಟರ್ ಸಿಗ್ತದೆ. ಒಂದೇ ದಿನದ ಕೆಲಸ. ಎರಡು ಡ್ರಮ್ಮು ತುಂಬಿಸಿ ಬಿಗಿಯಾಗಿ ಮುಚ್ಚಿ ಇಟ್ಟರೆ ಮುಂದಿನ ಮೇ ತನಕ ಬರ್ತದೆ. ತಗಡಿನ ಮಾಡಿನಿಂದ ಬಿದ್ದ ನೀರು ಬೇಡ, ಸತು ಕರಗಿ ಬರ್ತದೆ.

ಉಪ್ಪು ಎಷ್ಟು ಉಂಟು ಅಂತ ನೋಡುವ ಮಾಪಕ ಇಲ್ಲದವರಿಗೆ ಒಂದು ದಾರಿ ಉಂಟು. ಒಂದು ಲೀಟರಿನ ಗಾಜಿನ ಬಾಟಲಿ, ಒಂದು ಗ್ರಾಂ ತನಕ ತೋರಿಸುವ ತಕ್ಕಡಿ. ಬಾಟಲಿಗೆ ಕಂಠದ ತನಕ ಮಳೆ ನೀರು ತುಂಬಿಸಿ ತೂಗಿ, ಖಾಲಿ ಬಾಟಲಿಯ ತೂಕ ಕಳೆಯಿರಿ. ಅದೇ ಬಾಟಲಿಗೆ ಅಷ್ಟೇ ಮಟ್ಟಕ್ಕೆ ತೊಟ್ಟಿಯ ನೀರು ತುಂಬಿಸಿ ಮತ್ತೆ ತೂಗಿ. ಎರಡೂ ನೀರು ಒಂದೇ ಸೆಕೆಯಲ್ಲಿರಬೇಕು. ಮಳೆ ನೀರು 1,000 ಗ್ರಾಂ ಇದ್ದರೆ ಸಮುದ್ರದ ನೀರು 1,026 ಇರಬೇಕು. 1,030 ಬಂದರೆ ಸಿಹಿ ನೀರು ಕಡಿಮೆ ಆಗಿದೆ ಅಂತ ಅರ್ಥ. 1,020 ಬಂದರೆ ದೋಣಿಯವರು ಅಳಿವೆಯ ಹತ್ತಿರವೇ ಕ್ಯಾನು ತುಂಬಿಸಿದ್ದಾರೆ ಅಂತ ಅರ್ಥ!

ಬಂಡೆಗೆ ಖರ್ಚಾದದ್ದು ಸಿಮೆಂಟು ಮಾತ್ರ. ಸಮುದ್ರದಿಂದ ಹವಳದ ಬಂಡೆ ತರುವ ಹಾಗಿಲ್ಲ. ನಮ್ಮ ಮುರಕಲ್ಲು ಆಗುವುದಿಲ್ಲ, ಪುಡಿ ಬಿಡ್ತದೆ, ಅದರಲ್ಲಿ ಕಬ್ಬಿಣ ಜಾಸ್ತಿ. ಆದರೆ ಮರುವಾಯಿ ತಿಂದು ಬಿಸಾಡಿದ ಚಿಪ್ಪಿಗೆ ನಮ್ಮಲ್ಲಿ ಕಡಿಮೆ ಇಲ್ಲ. ಚಿಪ್ಪನ್ನು ಕುದಿಸಿ, ಬಿಸಿಲಿಗೆ ಹಾಕಿ, ಒರಟಾಗಿ ಕುಟ್ಟಿ. ಸಿಮೆಂಟು ಒಂದು ಪಾಲು, ಚಿಪ್ಪು ಮೂರು ಪಾಲು, ಹರಳುಪ್ಪು ಎರಡು ಪಾಲು. ಸ್ವಲ್ಪ ನೀರಲ್ಲಿ ಕಲಸಿ, ಹೊಯಿಗೆಯಲ್ಲಿ ಗುಂಡಿ ಮಾಡಿ ಬೇಕಾದ ಆಕಾರಕ್ಕೆ ಸುರಿದು ಬಿಡಿ. ಗಟ್ಟಿಯಾದ ಮೇಲೆ ನೀರಿಗೆ ಹಾಕಿದರೆ ಉಪ್ಪು ಕರಗಿ ತೂತು ತೂತು ಬಂಡೆ ಆಗ್ತದೆ. ಸಾಣಿಕಟ್ಟಾ ಉಪ್ಪಿಗೆ ಇಲ್ಲಿ ಕೆಲಸ ಸಿಕ್ಕಿತು ನೋಡಿ. ಸಿಮೆಂಟಿನ ಖಾರ ಬಿಡಲಿಕ್ಕೆ ಎರಡು ತಿಂಗಳು ಬೇಕು, ವಾರಕ್ಕೊಮ್ಮೆ ನೀರು ಬದಲಿಸ್ತಾ ಇರಿ. ಮಣ್ಣಿಗೆ ಹಿಡಿಯುವ ಪಿಎಚ್ ಕಾಗದವನ್ನೇ ಹಿಡಿದು ನೋಡಿ. ಇಳಿದು ಎಂಟರ ಹತ್ತಿರ ನಿಂತ ಮೇಲೆ ತೊಟ್ಟಿಗೆ ಇಡಿ. ತೊಟ್ಟಿ ಕೂರಿಸಲು ಮಾತ್ರ ಮುರಕಲ್ಲೇ ಒಳ್ಳೆಯದು. ನೀರು, ಗಾಜು, ಬಂಡೆ ಸೇರಿ ಕಾಲು ಟನ್ ಭಾರ ಬರ್ತದೆ, ಉಪ್ಪು ಗಾಳಿಗೆ ಕಬ್ಬಿಣದ ಸ್ಟ್ಯಾಂಡು ತುಕ್ಕು ಹಿಡೀತದೆ.

ಇದೆಲ್ಲ ಆದ ಮೇಲೆ ಕಾಯಬೇಕು. ಯೂರಿಯಾ ಹಾಕಿದ ಗದ್ದೆಯಲ್ಲಿ ನಡೆಯುವ ಕೆಲಸವೇ ಇಲ್ಲೂ ನಡೆಯುವುದು. ಮೀನಿನ ಹೇಲು, ಉಳಿದ ಆಹಾರದಿಂದ ಅಮೋನಿಯಾ ಬರ್ತದೆ, ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡ್ತದೆ, ಇನ್ನೊಂದು ನೈಟ್ರೇಟ್ ಮಾಡ್ತದೆ. ಈ ಬ್ಯಾಕ್ಟೀರಿಯಾ ಬಂಡೆಯ ತೂತುಗಳಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ. ಅಷ್ಟು ದಿನ ಮೀನು ಬಿಡಬೇಡಿ, ಒಂದು ಚಿಟಿಕೆ ಮೀನಿನ ಆಹಾರ ಮಾತ್ರ ಹಾಕ್ತಾ ಇರಿ. ಇದನ್ನು ಬೇಗ ಮಾಡುವ ಬಾಟಲಿಗಳು ಅಂಗಡಿಯಲ್ಲಿ ಉಂಟು. ಕಾಯುವವನಿಗೆ ಅದು ಬೇಡ. ಕೊನೆಗೆ ಉಳಿಯುವ ನೈಟ್ರೇಟನ್ನು ಕಡಲಪಾಚಿ ತಿಂದು ಬೆಳೀತದೆ. ತಿಂಗಳಿಗೆ ಒಂದು ಮುಷ್ಟಿ ಕೀಳ್ತೇನೆ, ತೊಳೆದು ತೆಂಗಿನ ಬುಡಕ್ಕೆ. ಈ ಪಾಚಿಯೂ ವಾರದ ನೀರಿನ ಬದಲಾವಣೆಯೂ ಇರುವುದರಿಂದ ನೊರೆ ತೆಗೆಯುವ ಯಂತ್ರ ನನಗೆ ಬೇಕಾಗಿಲ್ಲ. ತೆಗೆದ ಉಪ್ಪು ನೀರನ್ನು ಗದ್ದೆಗೆ ಬಿಡಬೇಡಿ. ಭರತದ ನೀರು ಬಂದು ಹೋಗುವ ತೋಡಿಗೆ ಚೆಲ್ಲಿ.

ಕೃಷಿಕರ ಮನೆಗೇ ವಿಶೇಷವಾದ ಅಪಾಯ ಒಂದು ಉಂಟು: ಮೈಲುತುತ್ತು. ತಾಮ್ರದ ಅಂಶ ಮೀನಿಗಿಂತ ಏಡಿ, ಬಸವನಹುಳುಗಳಿಗೆ ಬೇಗ ತಾಗ್ತದೆ, ಬಹಳ ಸ್ವಲ್ಪ ಇದ್ದರೂ ಸಾಯ್ತವೆ. ಬೋರ್ಡೋ ಕಲಸಿದ ಬಾಲ್ದಿ, ಡ್ರಮ್ಮು, ಪೈಪು ಎಷ್ಟು ತೊಳೆದರೂ ಈ ಕೆಲಸಕ್ಕೆ ಬೇಡ. ಔಷಧಿ ಬಂದ ಕ್ಯಾನು ಸಹ ಬೇಡ. ಅಡಿಕೆಗೆ ಸಿಂಪಡಿಸಿ ಬಂದ ಕೈಯನ್ನು ಸೋಪು ಹಾಕಿ ತೊಳೆದು, ಮತ್ತೆ ಬರೀ ನೀರಲ್ಲಿ ತೊಳೆಯದೆ ತೊಟ್ಟಿಗೆ ಅದ್ದಬೇಡಿ. ಸೊಳ್ಳೆಗೆ ಹಾಕುವ ಲಿಕ್ವಿಡ್ ಯಂತ್ರ ಅದೇ ಕೋಣೆಯಲ್ಲಿ ಬೇಡ, ಗಾಳಿ ಪಂಪು ಆ ಗಾಳಿಯನ್ನೇ ನೀರಿಗೆ ನೂಕ್ತದೆ. ಹೊಸ ಬಾಲ್ದಿ ಒಂದು, ಅದರ ಮೇಲೆ ಪೈಂಟಿನಲ್ಲಿ "ಮೀನು" ಅಂತ ಬರೆದು ಇಡಿ, ಮನೆಯವರು ಬೇರೆ ಯಾವುದಕ್ಕೂ ತೆಗೆಯದ ಹಾಗೆ.

ಎಲ್ಲಿ ಉಳಿಸಬಾರದು ಅಂತಲೂ ಹೇಳಬೇಕು. ಮಳೆಗಾಲದ ರಾತ್ರಿ ಕರೆಂಟು ಹೋಗಿ ಬೆಳಿಗ್ಗೆ ತನಕ ಬರದಿರುವುದು ನಮಗೆ ಹೊಸತಲ್ಲ. 28 ಡಿಗ್ರಿಯಲ್ಲಿ ಸಿಹಿ ನೀರು ಲೀಟರಿಗೆ 7.8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಸಮುದ್ರದ ನೀರು 6.4 ಮಾತ್ರ ಹಿಡೀತದೆ. ಮೋಟಾರು ನಿಂತರೆ ಮೀನಿಗೆ ಮೊದಲು ಕಡಿಮೆ ಬೀಳುವುದು ಉಸಿರು. ಲೈಟು ಇಲ್ಲದಿದ್ದರೆ ಎರಡು ದಿನ ತಡೆದೀತು, ಗಾಳಿ ಇಲ್ಲದೆ ತಡೆಯುವುದಿಲ್ಲ. ಇದಕ್ಕೆ ದೊಡ್ಡ ಇನ್ವರ್ಟರ್ ಬೇಡ, ಕರೆಂಟು ಹೋದ ಕೂಡಲೇ ತಾನಾಗಿ ಓಡುವ ಬ್ಯಾಟರಿಯ ಸಣ್ಣ ಗಾಳಿ ಪಂಪು ಎರಡು ಸಾಕು. ಒಂದು ಕೆಟ್ಟರೆ ಇನ್ನೊಂದು. ಅಮೋನಿಯಾ ಪರೀಕ್ಷೆಯ ಕಿಟ್ಟಿಗೂ ದುಡ್ಡು ಹಾಕಿ. ಇವೆರಡರಲ್ಲಿ ಜಿಪುಣತನ ಮಾಡಿದವರ ತೊಟ್ಟಿಯನ್ನು ಖಾಲಿ ಗಾಜಾಗಿ ಕಂಡಿದ್ದೇನೆ.

ಬೇಸಿಗೆಗೆ ಫ್ಯಾನು ಸಾಕಾಗುವುದು ಹೇಗೆ? ಮಣ್ಣಿನ ಹೂಜಿಯ ನೀರು ತಂಪಾಗುವ ಹಾಗೆಯೇ. ನೀರು ಆರುವಾಗ ಬಿಸಿಯನ್ನು ಹೊತ್ತುಕೊಂಡು ಹೋಗ್ತದೆ. ನೀರಿನ ಮೇಲೆ ಓರೆಯಾಗಿ ಗಾಳಿ ಬಿಟ್ಟರೆ ಎರಡು ಡಿಗ್ರಿ ಇಳೀತದೆ. ಮೋಡ ಕಟ್ಟಿದ ಮೇ ತಿಂಗಳಲ್ಲಿ ಗಾಳಿಯಲ್ಲೇ ನೀರು ತುಂಬಿರುವಾಗ ಅಷ್ಟೂ ಇಳಿಯುವುದಿಲ್ಲ. ಆ ದಿನಗಳಲ್ಲಿ ಲೈಟು ಹಗಲಿಗೆ ಬೇಡ, ಸಂಜೆ ನಾಲ್ಕು ಗಂಟೆ ಮಾತ್ರ ಹಾಕ್ತೇನೆ. ಆಗ ನಮ್ಮ ಕಡಲಿನ ಮೇಲ್ನೀರೇ 30 ಡಿಗ್ರಿ ಹತ್ತಿರ ಇರ್ತದೆ, ಕ್ಲೌನ್ ಮೀನು ಅಷ್ಟನ್ನು ತಡೀತದೆ. ಹವಳಕ್ಕೆ ಈ ರಿಯಾಯಿತಿ ಇಲ್ಲ.

ಒಟ್ಟು ಲೆಕ್ಕ: ಗಾಜು, ಮೋಟಾರು, ಲೈಟು, ಡ್ರಮ್ಮು, ಬ್ಯಾಟರಿ ಪಂಪು, ಮೀನು ಸೇರಿ ಶುರುವಿಗೆ 18,000ದ ಒಳಗೆ ಆಗಿದೆ. ತಿಂಗಳಿಗೆ ಕರೆಂಟು, ಆಹಾರ, ಪರೀಕ್ಷೆ ಎಲ್ಲ ಸೇರಿ 500ರ ಆಸುಪಾಸು. ಇದರಿಂದ ಸಂಪಾದನೆ ಇಲ್ಲ, ಸ್ಪಷ್ಟವಾಗಿ ಹೇಳ್ತೇನೆ. ಸಂಪಾದನೆಗೇ ಬೇಕು ಅನ್ನುವವರಿಗೆ ದಾರಿ ಬೇರೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯಲ್ಲಿ ಹಿತ್ತಲಿನಲ್ಲಿ ಅಲಂಕಾರಿಕ ಮೀನು ಸಾಕುವ ಘಟಕಕ್ಕೂ ಸಹಾಯಧನದ ಅವಕಾಶ ಇಟ್ಟಿದ್ದರು. ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60. ಈಗಿನ ನಿಯಮ ಎಂತ ಉಂಟು ಅಂತ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ, ಬಳೆ ಇಡುವುದು ಆಮೇಲೆ. ಅಳಿಯನಿಗೂ ಅದನ್ನೇ ಹೇಳಿದ್ದೇನೆ: ಮೊದಲು ಒಂದು ಮೂರಡಿ ತೊಟ್ಟಿಯನ್ನು ಒಂದು ಮಳೆಗಾಲ, ಒಂದು ಬೇಸಿಗೆ ಸಾಕಿ ತೋರಿಸು. ಹೊಸ ತಳಿಯ ಭತ್ತವನ್ನು ಇಡೀ ಗದ್ದೆಗೆ ಹಾಕುವ ಮೊದಲು ಒಂದು ಮೂಲೆಯಲ್ಲಿ ಹಾಕಿ ನೋಡುವುದಿಲ್ಲವಾ, ಹಾಗೆ.

ನೋಡಬೇಕು ಅನ್ನುವವರು ಭಾನುವಾರ ಸಂಜೆ ನಾಲ್ಕರ ನಂತರ ಬನ್ನಿ, ಹಗಲು ನಾನು ತೋಟದಲ್ಲಿ ಇರ್ತೇನೆ. ಬರುವಾಗ ಮರುವಾಯಿ ಚಿಪ್ಪು ಇದ್ದರೆ ಒಂದು ಚೀಲ ತನ್ನಿ, ಅಳಿಯನ ಬಂಡೆಗೆ ಬೇಕಾದೀತು.